ಶಾಲೆಯ ಪರವಾಗಿ

ಇಪ್ಪತ್ಮೂರನೆಯ ಪ್ರಶ್ನೆಗೆ ಸೊನ್ನೆಯನ್ನೂ ಹಾಕಬಹುದು ಎಂಬುದು ಅವನಿಗೆ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಹೊಳೆಯಿತು. ಹೊಳೆದ ಕೂಡಲೇ, ಆ ವಿಚಾರವನ್ನು ಯಾರಾದರೂ ಕೇಳಿಸಿಕೊಂಡುಬಿಟ್ಟಾರೆಂಬ ಅಳುಕಿನಿಂದ, ನಲ್ಲಿಯನ್ನು ಇನ್ನಷ್ಟು ತಿರುಗಿಸಿ ನೀರಿನ ಸದ್ದನ್ನು ಹೆಚ್ಚಿಸಿದ. ಆರೋಗ್ಯ ಶಾಲೆಗಳ ಒಕ್ಕೂಟವು ಅವನು ಕಲಿಸುತ್ತಿದ್ದ ವಿಶ್ವವಿದ್ಯಾಲಯದ ಆರೋಗ್ಯ ಶಾಲೆಗೆ ಕಳುಹಿಸಿದ್ದ ಮೌಲ್ಯಮಾಪನ ಪತ್ರಿಕೆಯಲ್ಲಿ ನಲವತ್ತು ಪ್ರಶ್ನೆಗಳಿದ್ದವು, ಅದನ್ನು ತುಂಬುವ ಕೆಲಸ ಅವನದು. ಶಾಲೆ ತನಗೆ ತಾನೇ ಅಂಕ ಕೊಟ್ಟುಕೊಳ್ಳಬೇಕು, ಆಮೇಲೆ ಹೊರಗಿನವರು ಬಂದು ತಾಳೆ ನೋಡುತ್ತಾರೆ. ಮೂರನೆಯ ಭಾಗದ ತಲೆಬರಹ ‘ರಾಜಕೀಯ ತೊಡಗಿಕೆ ಮತ್ತು ಸಾಮಾಜಿಕ ಹೊಣೆಗಾರಿಕೆ’. ಪ್ರತಿ ಪ್ರಶ್ನೆಯ ಎದುರಿಗೆ ಸೊನ್ನೆಯಿಂದ ಐದರವರೆಗೆ ಆರು ಚೌಕಗಳು. ಅವುಗಳಿಂದ ತುಸು ದೂರ, ಸಾಲಿನಲ್ಲಿ ನಿಲ್ಲಲು ನಾಚಿಕೊಂಡವನಂತೆ, ‘ಅನ್ವಯಿಸದು’ ಎಂಬ ಏಳನೆಯ ಚೌಕ. ಸೊನ್ನೆ ಹಾಕಿದರೆ ಸರಾಸರಿ ಇಳಿಯುತ್ತದೆ, ‘ಅನ್ವಯಿಸದು’ ಎಂದರೆ ಆ ಪ್ರಶ್ನೆಯೇ ಲೆಕ್ಕದಿಂದ ಬಿಟ್ಟುಹೋಗಿ ಸರಾಸರಿ ಏರುತ್ತದೆ ಎಂಬುದನ್ನು ಮೊದಲ ದಿನವೇ ಪತ್ತೆಹಚ್ಚಿದವನು ಕಚೇರಿಯ ಗುಮಾಸ್ತ. ಅಂದಿನಿಂದ ಮೂರನೆಯ ಭಾಗದ ಹದಿನಾಲ್ಕು ಪ್ರಶ್ನೆಗಳಲ್ಲಿ ಒಂಬತ್ತು ಶಾಲೆಗೆ ಅನ್ವಯಿಸದೆ ಹೋಗಿದ್ದವು. ಇಪ್ಪತ್ಮೂರರ ನೆತ್ತಿಯ ಮೇಲೆ ಮಾತ್ರ ಒಂದು ನಕ್ಷತ್ರದ ಗುರುತಿತ್ತು, ಅದನ್ನು ಬಿಡುವಂತಿಲ್ಲ. ‘ಶಾಲೆಯು ತಾನು ಕಂಡುಕೊಂಡ ಸತ್ಯಾಂಶವನ್ನು, ತನಗೆ ಅನನುಕೂಲವಾಗುವ ಸಂದರ್ಭದಲ್ಲಿಯೂ, ಜನರ ಹಿತಕ್ಕಾಗಿ ಅಧಿಕಾರಸ್ಥರ ಮುಂದಿಟ್ಟಿದೆಯೇ? ಆಧಾರ ಲಗತ್ತಿಸಿ.’

“ನಲ್ಲಿ ನಿಲ್ಲಿಸ್ತೀಯೋ, ಇಲ್ಲಾ ಮನೆ ತುಂಬ ಹೊಳೆ ಹರಿಸ್ತೀಯೋ?” ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು. ಬಸ್ ನಿಲ್ದಾಣದಲ್ಲಿ ದಿನವಿಡೀ ಬರುವ ಹೋಗುವ ಬಸ್ಸುಗಳನ್ನು ಮೈಕಿನಲ್ಲಿ ಹೇಳಿ ಹೇಳಿ ಅವಳ ದನಿಗೆ ಒಂದು ಒರಟು ಅಂಚು ಬಂದಿತ್ತು. “ರಾತ್ರಿ ನಿದ್ದೇಲಿ ಏನು ಗೊಣಗ್ತಿದ್ದೆ ಗೊತ್ತಾ? ‘ವಿಷಯ’ ಅಂದೆ. ಸ್ವಲ್ಪ ಹೊತ್ತು ಬಿಟ್ಟು ‘ಉಲ್ಲೇಖ’ ಅಂದೆ. ಕಟ್ಟಿಕೊಂಡ ಗಂಡ ಕನಸಲ್ಲೂ ಅರ್ಜಿ ಬರೀತಾನೆ ಅಂತ ನಮ್ಮಕ್ಕನಿಗೆ ಹೇಳಿದ್ರೆ ಬಿದ್ದು ಬಿದ್ದು ನಗ್ತಾಳೆ.” ಅವನೂ ನಕ್ಕ. ಒಂದು ತಿಂಗಳ ಹಿಂದೆ ಅವನು ಅವಳಿಗೆ ಶಾಲೆಯ ಒಬ್ಬ ವಿದ್ಯಾರ್ಥಿನಿಯ ಕತೆಯನ್ನು ಹೇಳಿದ್ದ. ಆದರೆ ಹೇಳುವಾಗ ತನ್ನ ಜಾಗದಲ್ಲಿ ‘ಒಬ್ಬ ಮೇಷ್ಟ್ರು’ ಎಂದು ಇಟ್ಟಿದ್ದ. ಒಬ್ಬ ಮೇಷ್ಟ್ರು ಅವಳ ಕಾಗದ ತಿದ್ದುವಾಗ ಎರಡು ಪದ ಸೇರಿಸಿದನಂತೆ, ಆ ಎರಡು ಪದದಿಂದಲೇ ವಿಚಾರಣೆ ನಡೆಸಿ ಅವಳನ್ನು ಶಾಲೆಯಿಂದ ಹೊರಗಿಟ್ಟರಂತೆ. ಹೆಂಡತಿ ಬಟ್ಟೆ ಮಡಿಸುವುದನ್ನು ನಿಲ್ಲಿಸದೆ, “ವಿಚಾರಣೆ ದಿನ ಆ ಪುಣ್ಯಾತ್ಮನ ನಾಲಿಗೆ ಏನು ಬಿದ್ದುಹೋಗಿತ್ತಾ?” ಎಂದಿದ್ದಳು. ಆಗ ಅವನು ಎದ್ದು ಹೋಗಿ ಕಿಟಕಿಯ ಚಿಲಕ ಸರಿಯಾಗಿದೆಯೇ ಎಂದು ಪರೀಕ್ಷಿಸಿದ್ದ. ಈಗ ಬಾಯಿ ಮುಕ್ಕಳಿಸಿ, ನಾಲಿಗೆಯನ್ನು ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡ. ಅದು ಇದ್ದಲ್ಲೇ ಇತ್ತು.

ಶಾಲೆಗೆ ಹೋಗಲು ಎರಡು ದಾರಿಗಳಿದ್ದವು. ಮುಂಬಾಗಿಲಿನ ಹೆದ್ದಾರಿ, ಇಲ್ಲವೇ ಹಿಂದಿನ ಬೀದಿ. ಈ ಒಂದು ತಿಂಗಳಿಂದ ಅವನು ಹೆದ್ದಾರಿಯನ್ನೇ ಹಿಡಿಯುತ್ತಿದ್ದ. ಇಂದು ಕಾಲುಗಳು, ಅವನ ಅಪ್ಪಣೆ ಕೇಳದೆ, ಹಿಂದಿನ ಬೀದಿಗೆ ತಿರುಗಿದವು. ಇಕ್ಕೆಲದಲ್ಲೂ ಒಂದರ ಬೆನ್ನಿಗೊಂದು ಒರಗಿದ ಮನೆಗಳು, ತಗಡಿನ ಮಾಡು, ಹೊಸ್ತಿಲಲ್ಲೇ ಪಾತ್ರೆ ತೊಳೆಯುವ ಹೆಂಗಸರು. ಬೀದಿಯ ಕೊನೆಯಲ್ಲಿ ಶಾಲೆಯ ಆಸ್ಪತ್ರೆಯ ಕಸ ಸುಡುವ ಕುಲುಮೆಯ ಹೊಗೆಕೊಳವೆ; ಅದರಿಂದ ರಕ್ತದ ಬಟ್ಟೆಯ, ಸೂಜಿಯ, ರಬ್ಬರಿನ ಹೊಗೆ, ನೋಡಲು ಬಹಳ ಸೌಮ್ಯವಾದ ಬೂದು ಬಣ್ಣದ ಹೊಗೆ, ನಿಧಾನವಾಗಿ ಈ ಕಡೆಗೇ ಬಾಗುತ್ತಿತ್ತು. ಒಬ್ಬ ಮುದುಕಿ ಒಣಹಾಕಿದ ಬಿಳಿಯ ಲಂಗವನ್ನು ಕೊಡವಿ ಮತ್ತೆ ಹಗ್ಗಕ್ಕೆ ಹಾಕಿದಳು, ಕೊಡವಿದ್ದು ನೀರನ್ನಲ್ಲ. ಅವನನ್ನು ನೋಡಿ, “ನೀವು ಆಸ್ಪತ್ರೆಯವರಾ?” ಎಂದಳು. “ಅಲ್ಲ, ನಾನು ಭಾಷೆ ಕಲಿಸೋನು” ಎಂದ. ಅದು ನಿಜವೇ ಆಗಿತ್ತು. ದಾದಿಯರಿಗೂ ಆರೋಗ್ಯ ಕಾರ್ಯಕರ್ತರಿಗೂ ವರದಿ, ಅರ್ಜಿ, ರೋಗಿಯ ವಿವರ ಬರೆಯುವುದನ್ನು ಕಲಿಸುವವನು ಅವನು. ವೈದ್ಯ ಅವನಲ್ಲ. “ಮತ್ತೆ ಆ ಹುಡುಗಿ ಬರಲೇ ಇಲ್ಲವಲ್ಲಪ್ಪ, ಕೆಮ್ಮು ಎಣಿಸೋಳು?” ಎಂದು ಮುದುಕಿ ಕೇಳಿದಳು. “ಬರ್ತೀನಿ ಅಂದಿದ್ಲು.” ಅವನು, “ಪರೀಕ್ಷೆ ಇದೆ” ಎಂದು ಹೇಳಿ, ಹೇಳಿದ್ದರ ಅರ್ಧ ಸುಳ್ಳು ನಾಲಿಗೆಗೆ ಅಂಟಿಕೊಂಡಂತಾಗಿ, ಬೇಗ ಬೇಗ ನಡೆದ. ಪರೀಕ್ಷೆ ಇದ್ದದ್ದು ನಿಜ. ಅದಕ್ಕೆ ಆ ಹುಡುಗಿಯ ಅರ್ಜಿಯನ್ನು ಸ್ವೀಕರಿಸಲು ಇಂದು ಸಂಜೆ ನಾಲ್ಕು ಗಂಟೆಯೇ ಕಡೆಯ ಗಡುವು ಎಂಬುದೂ ನಿಜ. ಅದು ಮೀರಿದರೆ ಒಂದು ವರ್ಷ. ಒಂದು ವರ್ಷ ಕಾಯುವ ಮನೆಯಲ್ಲ ಅವಳದು, ಓದನ್ನೇ ಬಿಡಿಸಿಬಿಡುತ್ತಾರೆಂದು ಗುಮಾಸ್ತ ಹೇಳಿದ್ದ.

ಅವಳು ಆ ಕಾಗದದ ಕರಡು ಹಿಡಿದು ಬಂದ ದಿನ ಅವನು ಬಹಳ ಖುಷಿಯಲ್ಲಿದ್ದ. ಕಾರಣ ನೆನಪಿಲ್ಲ, ಬಹುಶಃ ಯಾರೋ ಅವನ ಒಂದು ಬಿನ್ನವತ್ತಳೆಯನ್ನು ಹೊಗಳಿರಬೇಕು. ಇಡೀ ಶಾಲೆಗೆ ಕಾಗದ ಬರೆದುಕೊಡುವವನು ಅವನೇ. ಅದಕ್ಕೇ ಅವನಿಗೆ ‘ಮಾನ್ಯರೇ’ ಎಂಬ ಅಡ್ಡಹೆಸರು, ಜವಾನನಿಂದ ಡೀನ್‌ವರೆಗೆ ಎಲ್ಲರ ಬಾಯಲ್ಲೂ. ಪೇಟೆಯಿಂದ ಪೇಟೆಗೆ ಅಲೆಯುತ್ತ, ಬಾಡಿಗೆಗೆ ಸಿಗುವ ಹಳೆಯ ಕಾದಂಬರಿಗಳಿಂದ, ಅಚ್ಚುಮನೆಯ ಕರಡುಗಳಿಂದ ಭಾಷೆಯನ್ನು ಹೆಕ್ಕಿ ಹೆಕ್ಕಿ ಕೂಡಿಸಿಕೊಂಡವನಿಗೆ ಈ ಹೆಸರು ಅವಮಾನವೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಹುಡುಗಿ ನಗರಸಭೆಯ ಆರೋಗ್ಯಾಧಿಕಾರಿಗೆ ಬರೆದಿದ್ದಳು: ನಾವು ನೂರ ಹನ್ನೆರಡು ಮನೆಗೆ ಹೋದೆವು. ಎಪ್ಪತ್ತೊಂದು ಮನೆಯಲ್ಲಿ ಕೆಮ್ಮು ಇದೆ. ಹೊಗೆ ಬರುವ ದಿನ ಮಕ್ಕಳ ಕೆಮ್ಮು ಹೆಚ್ಚು. ಹೊಗೆ ನಮ್ಮ ಶಾಲೆಯದು. ದಯವಿಟ್ಟು ಬಂದು ನೋಡಿ. ಅಷ್ಟೇ. “ಇದೇನಮ್ಮ, ಅಂಗಡಿ ಚೀಟಿ ಬರೆದ ಹಾಗೆ ಬರೆದಿದ್ದೀಯ!” ಎಂದು ಅವನು ನಕ್ಕು, ಕೆಂಪು ಪೆನ್ನು ತೆಗೆದು, ‘ದಯವಿಟ್ಟು’ ಇದ್ದಲ್ಲಿ ‘ಸವಿನಯವಾಗಿ ಪ್ರಾರ್ಥಿಸಲಾಗಿದೆ’ ಎಂದು ಮಾಡಿ, ಕ್ರಿಯಾಪದಗಳಿಗೆಲ್ಲ ಒಂದೊಂದು ‘ಇರುತ್ತದೆ’ ತೊಡಿಸಿ, ಕೊನೆಯಲ್ಲಿ ಅವಳ ಹೆಸರಿನ ಮೇಲೆ ಬರಿದಾಗಿ ಕಂಡ ಜಾಗದಲ್ಲಿ ‘ಶಾಲೆಯ ಪರವಾಗಿ’ ಎಂದು ಸೇರಿಸಿದ. ಯಾರ ಪರವಾಗಿಯೂ ಇಲ್ಲದ ಕಾಗದ ಅವನ ಕಣ್ಣಿಗೆ ಮೈಮೇಲೆ ಬಟ್ಟೆ ಇಲ್ಲದಂತೆ ಕಾಣುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಅವನು ಯಾವುದೋ ಒಂದರ ಪರವಾಗಿ ಅಲ್ಲದ ಒಂದು ಕಾಗದವನ್ನೂ ಬರೆದಿರಲಿಲ್ಲ. ಹೊಗೆ ಶಾಲೆಯದೆಂದೂ, ಆದ್ದರಿಂದ ಶಾಲೆಯ ಪರವಾಗಿ ಶಾಲೆಯ ಮೇಲೇ ದೂರು ಹೋಗುತ್ತಿದೆಯೆಂದೂ ಅವನಿಗೆ ತಿಳಿಯಲೇ ಇಲ್ಲ. ಎಪ್ಪತ್ತೊಂದರಲ್ಲಿ ಒತ್ತು ಸರಿಯಾಗಿದೆಯೇ ಎಂದು ನೋಡಿದ್ದ. ಎಪ್ಪತ್ತೊಂದು ಮನೆಗಳನ್ನು ನೋಡಿರಲಿಲ್ಲ. ತಾನು ಓದದೆಯೇ ಓದಬಲ್ಲೆ ಎಂಬ ಈ ಸಂಗತಿ, ಆ ನಂತರದ ದಿನಗಳಲ್ಲಿ, ತಪ್ಪಿಗಿಂತಲೂ ಹೆಚ್ಚಾಗಿ ಅವನನ್ನು ಹೆದರಿಸಿತ್ತು.

ಕಚೇರಿಯಲ್ಲಿ ಗುಮಾಸ್ತ ಎರಡು ಬೆರಳೆತ್ತಿ ತೋರಿಸಿದ. “ಬನ್ನಿ ಮಾನ್ಯರೇ. ಡೀನ್ ಮೇಡಂ ಎರಡು ಸಲ ಕೇಳಿದ್ರು. ಇಪ್ಪತ್ಮೂರು ಹೆರಿಗೆ ಆಯ್ತಾ ಅಂತ.”

“ಇನ್ನೂ ಇಲ್ಲ.”

“ಸೊನ್ನೆ ಮಾತ್ರ ಹೆರಬೇಡಿ. ಸೊನ್ನೆ ಬಂದ್ರೆ ಸರಾಸರಿ ಮೂರೂವರೆಗೆ ಇಳಿಯುತ್ತೆ. ಪಕ್ಕದ ವಿಶ್ವವಿದ್ಯಾಲಯದೋರು ನಾಲ್ಕೂಕಾಲು ಅಂತ ಫಲಕ ಹಾಕ್ಕೊಂಡು ಕೂತಿದ್ದಾರೆ.”

ಡೀನ್ ಕೋಣೆಯಲ್ಲಿ ಔಷಧಿಯ ವಾಸನೆ ಇರಲಿಲ್ಲ. ಹೊಸ ರತ್ನಗಂಬಳಿಯ ವಾಸನೆಯಿತ್ತು. ಆಕೆ ಒಂದು ಕಾಲದಲ್ಲಿ ಒಳ್ಳೆಯ ಮಕ್ಕಳ ವೈದ್ಯೆ ಎಂದು ಹೆಸರಾದವರು. ಈಗಲೂ ಯಾರೊಡನೆ ಮಾತಾಡಿದರೂ, ಸೂಜಿ ಚುಚ್ಚುವ ಮುನ್ನ ಮಗುವಿನ ಗಮನ ಬೇರೆಡೆಗೆ ಸೆಳೆಯುವವರ ಹಾಗೆ, ಮುಗುಳ್ನಗುತ್ತ ಏನಾದರೊಂದನ್ನು ತೋರಿಸುತ್ತಿದ್ದರು. ಇಂದು ತೋರಿಸಿದ್ದು ಒಂದು ಹಾಳೆ. ಹುಡುಗಿಯ ಕಾಗದದ ನೆರಳಚ್ಚು ಪ್ರತಿ. ಅವನ ‘ಸವಿನಯವಾಗಿ ಪ್ರಾರ್ಥಿಸಲಾಗಿದೆ’, ಅವನ ‘ಇರುತ್ತದೆ’ಗಳು, ಕೊನೆಯಲ್ಲಿ ಅವನ ಎರಡು ಪದಗಳು, ಎಲ್ಲವೂ ಅವಳ ದುಂಡನೆಯ ಅಕ್ಷರದಲ್ಲಿ.

“ಇದನ್ನ ಇಪ್ಪತ್ಮೂರಕ್ಕೆ ಲಗತ್ತಿಸಿ. ನೋಡಿ, ಹೇಗಿದೆ? ‘ತನಗೆ ಅನನುಕೂಲವಾಗುವ ಸಂದರ್ಭದಲ್ಲಿಯೂ.’ ಯಾವ ಶಾಲೆ ತನ್ನ ಕುಲುಮೆ ಮೇಲೆ ತಾನೇ ದೂರು ಕೊಟ್ಟಿದೆ ಹೇಳಿ? ‘ಶಾಲೆಯ ಪರವಾಗಿ’ ಅಂತ ಸ್ಪಷ್ಟವಾಗಿ ಇದೆ.”

“ಮೇಡಂ, ಇದಕ್ಕೇ ಅಲ್ವಾ ಅವಳನ್ನ...”

“ಅದಕ್ಕೇ. ಆಗ ಕೋಪ ಬಂದಿತ್ತು. ಈಗ ಉಪಯೋಗಕ್ಕೆ ಬಂತು.” ಆಕೆ ನಕ್ಕರು; ಆ ನಗುವಿನಲ್ಲಿ ಕಪಟ ಇರಲಿಲ್ಲ ಎಂಬುದೇ ಅವನಿಗೆ ಕಷ್ಟವಾಯಿತು. “ನಾಲ್ಕು ಹಾಕೋಣ. ವಿವರಣೆ ನೀವು ಬರೀರಿ. ಸ್ವಲ್ಪ ಘನವಾಗಿರಲಿ.”

ಅವನು ಹಾಳೆಯನ್ನು ಹಿಡಿದು ಹೊರಬಂದು, ತನ್ನ ಕೋಣೆಗೆ ಹೋಗದೆ, ಎರಡನೆಯ ಮಹಡಿಯ ಶೌಚಾಲಯದೊಳಗೆ ಹೋಗಿ ಚಿಲಕ ಹಾಕಿಕೊಂಡು ನಿಂತ. ವಿಚಾರಣೆಯ ಕೋಣೆಯೂ ಹೀಗೇ ಇಕ್ಕಟ್ಟಾಗಿತ್ತು. ಮೂವರು ಸದಸ್ಯರು, ಮೂಲೆಯಲ್ಲಿ ನಡಾವಳಿ ಬರೆಯುವವನು ಅವನು. ‘ಈ ಎರಡು ಪದ ನೀನೇ ಬರೆದದ್ದಾ?’ ಎಂದು ಅವಳನ್ನು ಕೇಳಿದರು. ಅವಳು ಅವನ ಕಡೆಗೆ ನೋಡುತ್ತಾಳೆಂದು ಅವನು ಕಾದ. ನೋಡಿದ್ದರೆ, ಅವನು ಈಗಲೂ ನಂಬುತ್ತಾನೆ, ಎದ್ದು ನಿಂತು ಹೇಳಿಬಿಡುತ್ತಿದ್ದ. ಅವಳು ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡಿದಳು. “ಕಾಗದದಲ್ಲಿ ಇರೋದೆಲ್ಲಾ ನಂದೇ” ಎಂದಳು. ಅವನ ಕೈ ಬರೆಯಿತು: ‘ಪತ್ರದಲ್ಲಿನ ಸಮಸ್ತ ವಿಷಯಗಳಿಗೂ ತಾನೇ ಜವಾಬ್ದಾರಳೆಂದು ವಿದ್ಯಾರ್ಥಿನಿಯು ಒಪ್ಪಿಕೊಂಡಿರುತ್ತಾಳೆ.’ ಬರೆದ ಮೇಲೆ ‘ಸಮಸ್ತ’ ಬೇಡವೆನ್ನಿಸಿ ಹೊಡೆದುಹಾಕಿದ. ಮತ್ತೆ ಬೇಕೆನ್ನಿಸಿ ಬರೆದ. ಅವಳ ವರ್ಷವೊಂದು ತೂಗಾಡುತ್ತಿದ್ದ ಆ ಗಳಿಗೆಯಲ್ಲಿ ಅವನು ಒಂದು ವಿಶೇಷಣದ ಬಗ್ಗೆ ಯೋಚಿಸುತ್ತಿದ್ದ. ಅಮಾನತಿನ ಆದೇಶವನ್ನೂ ಅವನೇ ಬರೆದದ್ದು. ಶಾಲೆಯ ಹೆಸರನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕಾಗಿ. ಹೊಗೆಯ ವಿಚಾರ ಆದೇಶದಲ್ಲಿ ಎಲ್ಲಿಯೂ ಬರಕೂಡದು ಎಂದು ಹೇಳಿದ್ದರು, ಬಂದಿರಲಿಲ್ಲ. ಹೊರಗೆ ಯಾರೋ ಬಾಗಿಲು ಬಡಿದು, “ಒಳಗೆ ಇದ್ದೀರೋ, ವಾಸಕ್ಕೇ ಬಂದ್ರೋ?” ಎಂದರು. ಅವನು ಅನಗತ್ಯವಾಗಿ ನೀರು ಬಿಟ್ಟು ಹೊರಬಂದ.

ಊಟದ ಹೊತ್ತು ಕಳೆದ ಮೇಲೆ, ಎರಡೂಕಾಲಕ್ಕೆ, ಅವನು ಮತ್ತೆ ಡೀನ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಹೇಳಬೇಕಾದ ವಾಕ್ಯವನ್ನು ಮೆಟ್ಟಿಲುಗಳ ಮೇಲೆ ಏಳೆಂಟು ಸಲ ಕಟ್ಟಿ ಕೆಡವಿದ್ದ. ಬಾಯಿಂದ ಬಂದದ್ದು ಮಾತ್ರ ಅಂಗಡಿ ಚೀಟಿಯ ಹಾಗಿತ್ತು.

“ಮೇಡಂ, ಆ ಎರಡು ಪದ ನಂದು.”

“ಯಾವ ಎರಡು?”

“ಶಾಲೆಯ ಪರವಾಗಿ. ಅವಳು ಬರೆದಿರಲಿಲ್ಲ. ನಾನು ತಿದ್ದುವಾಗ ಸೇರಿಸಿದೆ. ವಿಚಾರಣೇಲಿ ನಾನು ಹೇಳಲಿಲ್ಲ.”

ಡೀನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವನು ಏಟಿಗೆ ಕಾದವನಂತೆ ಭುಜವನ್ನು ಬಿಗಿಹಿಡಿದ. ಏಟು ಬರುವುದೆಂಬ ನಿರೀಕ್ಷೆಯಲ್ಲಿ ಒಂದು ಬಗೆಯ ಸುಖವಿತ್ತು. ಹದಿನೈದು ದಿನದ ಹಲ್ಲುನೋವಿಗೆ ಹಲ್ಲು ಕೀಳುವವನ ಕುರ್ಚಿಯಲ್ಲಿ ಕೂತಾಗಿನ ಸುಖ. ಆದರೆ ಆಕೆಯ ಮುಖದಲ್ಲಿ ಕೋಪ ಮೂಡಲಿಲ್ಲ. ಮೊದಲು ಅಚ್ಚರಿ, ಆಮೇಲೆ ಲೆಕ್ಕ, ಆಮೇಲೆ ಮೆಲ್ಲಗೆ ಒಂದು ಬೆಳಕು.

“ಅಂದ್ರೆ ಇದು ಅಧ್ಯಾಪಕರ ಮಾರ್ಗದರ್ಶನದಲ್ಲಿ ಬರೆದ ಕಾಗದ!” ಆಕೆ ಪತ್ರಿಕೆಯ ಪುಟ ತಿರುವಿದರು. “ಇಪ್ಪತ್ನಾಲ್ಕು ಓದಿ. ‘ವಿದ್ಯಾರ್ಥಿಗಳ ಸಾಮಾಜಿಕ ಕಾರ್ಯದಲ್ಲಿ ಅಧ್ಯಾಪಕರು ನೇರವಾಗಿ ಪಾಲ್ಗೊಳ್ಳುವರೇ?’ ಅದಕ್ಕೆ ‘ಅನ್ವಯಿಸದು’ ಹಾಕಿಸಿದ್ದೆನಲ್ಲ ನಾನು. ತೆಗೀರಿ ಅದನ್ನ. ಎರಡಕ್ಕೂ ಐದು.”

“ಮೇಡಂ, ನಾನು ಹೇಳ್ತಿರೋದು ಅವಳ ವಿಷಯ. ಅವಳ ತಪ್ಪಲ್ಲ ಅಂತ.”

“ಅದು ಶಿಸ್ತಿನ ಫೈಲು. ಇದು ಮೌಲ್ಯಮಾಪನದ ಫೈಲು.”

“ಕಾಗದ ಒಂದೇ ಅಲ್ವಾ?”

“ಕಾಗದ ಒಂದೇ, ಪ್ರತಿ ಎರಡು.” ಆಕೆ ದನಿಯನ್ನು ಮೆದುವಾಗಿಸಿ ಹೇಳಿದರು: “ಕೂತ್ಕೊಳ್ಳಿ. ನಾನೇನು ರಾಕ್ಷಸಿ ಅಲ್ಲ. ಅವಳಿಗೆ ಹೇಳಿ ಕಳಿಸಿದ್ದೀನಿ. ನಾಲ್ಕರೊಳಗೆ ತಪ್ಪೊಪ್ಪಿಗೆ ಕೊಟ್ರೆ ಅಮಾನತು ತೆಗೆದು ಪರೀಕ್ಷೆ ಅರ್ಜಿ ತಗೊಳ್ತೀನಿ. ಈಗ ನೀವು ತಪ್ಪು ನಂದು ಅಂತ ಬರೆದುಕೊಟ್ರಿ ಅನ್ನಿ. ವಿಚಾರಣೆ ಮತ್ತೆ ಮೊದಲಿಂದ ಶುರು. ಸಮಿತಿ ಸೇರೋಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತೆ. ನಿಮ್ಮ ಮನಸ್ಸು ಹಗುರ ಆಗುತ್ತೆ, ಅವಳ ವರ್ಷ ಹೋಗುತ್ತೆ. ಬರೀತೀರಾ? ಹಾಳೆ ಕೊಡ್ಲಾ?”

ಆಕೆ ನಿಜವಾಗಿಯೂ ಒಂದು ಬಿಳಿ ಹಾಳೆಯನ್ನು ಮುಂದೆ ಸರಿಸಿದರು. ಅವನು ಅದನ್ನು ನೋಡುತ್ತ ಕೂತ. ಬರೆಯಬಾರದು ಎಂಬ ತೀರ್ಮಾನದೊಳಗಿನಿಂದ ಒಂದು ನೆಮ್ಮದಿಯೂ ಹೊರಗೆ ಬರುತ್ತಿತ್ತು. ಮುಂದಿನ ತಿಂಗಳು ಅವನ ಹಂಗಾಮಿ ನೇಮಕದ ನವೀಕರಣವಿತ್ತು. ಆ ನೆಮ್ಮದಿಯಲ್ಲಿ ಎಷ್ಟು ಪಾಲು ಅವಳದು, ಎಷ್ಟು ತನ್ನದು ಎಂದು ಬಿಡಿಸಲು ಹೋಗಿ, ಆಗದೆ, ಎದ್ದ. “ಆ ಹೊಗೆ?” ಎಂದ, ಬಾಗಿಲ ಬಳಿ, ತನಗೇ ಆಶ್ಚರ್ಯವಾಗುವಂತೆ. “ಹೊರಗಿನವರು ಬರೋ ಎರಡು ದಿನ ಕುಲುಮೆ ಆರಿಸೋಕೆ ಹೇಳಿದ್ದೀನಿ” ಎಂದರು ಡೀನ್, ಅವನಿಗೆ ಒಳ್ಳೆಯ ಸುದ್ದಿ ಕೊಡುವವರಂತೆ.

ಹುಡುಗಿ ಬಂದಾಗ ಮೂರು ಗಂಟೆ ಮೂವತ್ತೇಳು ನಿಮಿಷ. ತೆಳ್ಳಗಾಗಿದ್ದಳು, ಇಲ್ಲವೇ ಸಮವಸ್ತ್ರವಿಲ್ಲದ್ದರಿಂದ ಹಾಗೆ ಕಂಡಳು. “ಮೇಡಂ ಹೇಳಿದ್ರು ಸಾರ್, ನಿಮಗೆ ತೋರಿಸಿಕೊಂಡೇ ಕೊಡಬೇಕಂತೆ. ಭಾಷೆ ಸರಿ ಇರಬೇಕಂತೆ.” ಹಾಳೆಯನ್ನು ಮೇಜಿನ ಮೇಲಿಟ್ಟು, ಕೂರದೆ, ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತಳು.

“ನಿನ್ನ ಹತ್ರ ಒಂದು ಮಾತು ಹೇಳಬೇಕಿತ್ತಮ್ಮ. ಆ ದಿನ ವಿಚಾರಣೇಲಿ ನಾನು...”

“ಸಾರ್, ಇಪ್ಪತ್ತು ನಿಮಿಷ ಇದೆ ಅಷ್ಟೇ. ಕೆಳಗೆ ಕಿಟಕೀಲಿ ಸಾಲು ಬೇರೆ ಇದೆ. ಮೊದಲು ಇದನ್ನ ನೋಡಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಹಿಡಿಯಬೇಕಾದವಳು ದಾರಿಯಲ್ಲಿ ಸಿಕ್ಕ ದೂರದ ನೆಂಟನಿಗೆ ಹೇಳುವ ದನಿ ಅದು.

ಅವನು ಓದಿದ. ಈ ಸಲ ಓದಲೇಬೇಕೆಂದು ಓದಿದ. ಪತ್ರದ ಮೇಲೆ ‘ಮಾನ್ಯರೇ’ ಇತ್ತು. ವಿಷಯ ಇತ್ತು, ಉಲ್ಲೇಖ ಇತ್ತು. ಕ್ರಿಯಾಪದಗಳೆಲ್ಲ ‘ಇರುತ್ತದೆ’ ತೊಟ್ಟುಕೊಂಡಿದ್ದವು. ಅವನು ಕಲಿಸಿದ್ದೆಲ್ಲವನ್ನೂ ಅವಳು ಕಲಿತಿದ್ದಳು. ‘ಸದರಿ ಪತ್ರದಲ್ಲಿ ಶಾಲೆಯ ಪರವಾಗಿ ಎಂಬ ಪದಗಳನ್ನು ನಾನು ನನ್ನ ಸ್ವೇಚ್ಛೆಯಿಂದ ಸೇರಿಸಿರುತ್ತೇನೆ.’ ಕೆಂಪು ಪೆನ್ನು ಆ ಸಾಲಿನ ಮೇಲೆ ಬಂದು ನಿಂತಿತು. ಆ ಸಾಲನ್ನು ಅಡ್ಡಕ್ಕೆ ಹೊಡೆದುಬಿಡಬಹುದಿತ್ತು. ಹೊಡೆದರೆ ಅವಳು ಬೇರೆ ಹಾಳೆಯಲ್ಲಿ ಅದೇ ಸಾಲನ್ನು ಮತ್ತೆ ಬರೆಯುತ್ತಾಳೆ, ಅಷ್ಟರಲ್ಲಿ ನಾಲ್ಕಾಗುತ್ತದೆ.

“ಏನಾದ್ರೂ ತಪ್ಪಿದೆಯಾ ಸಾರ್?”

“ಸ್ವೇಚ್ಛೆ ಅಂತ ಬರೆದಿದ್ದೀಯ.”

“ಒತ್ತು ಸರಿ ಇದೆಯಲ್ಲ?”

“ಒತ್ತು ಸರಿ ಇದೆ. ಅರ್ಥ... ಸ್ವಂತ ಇಚ್ಛೆ ಅಂದ್ರೆ ಬೇರೆ ಯಾರೂ ಹೇಳದೆ ನಾನೇ ಮನಸ್ಸು ಮಾಡಿ ಮಾಡಿದ್ದು. ಸ್ವೇಚ್ಛೆ ಅಂದ್ರೆ ಹಾಗಲ್ಲ. ಲಂಗುಲಗಾಮಿಲ್ಲದೆ, ಹೇಳೋರು ಕೇಳೋರಿಲ್ಲದೆ ನಡ್ಕೊಳ್ಳೋದು. ಅದು ಬೈಗುಳದ ಹಾಗೆ.” ತರಗತಿಯಲ್ಲಿ ಹೇಳುವಂತೆಯೇ ಹೇಳುತ್ತಿದ್ದ, ಅವಳೂ ತರಗತಿಯಲ್ಲಿ ಕೇಳುವಂತೆಯೇ, ತುಟಿಯನ್ನು ಸ್ವಲ್ಪ ಒಳಗೆ ಕಚ್ಚಿಕೊಂಡು, ಕೇಳಿದಳು.

“ಎರಡೂ ನಿಜ ಅಲ್ಲವಲ್ಲ ಸಾರ್” ಎಂದಳು. ಆಮೇಲೆ ಗೋಡೆಯ ಗಡಿಯಾರದ ಕಡೆ ನೋಡಿ, “ಯಾವುದು ಇದ್ರೆ ಅವರಿಗೆ ಸರಿ ಅನ್ಸುತ್ತೆ?”

ಅವನಿಗೆ ಉತ್ತರ ಗೊತ್ತಿತ್ತು. ಇಪ್ಪತ್ತು ವರ್ಷ ಅದನ್ನೇ ತಿಳಿದುಕೊಂಡು ಬದುಕಿದ್ದ.

“ಸ್ವೇಚ್ಛೆ” ಎಂದ.

“ಹಾಗಾದ್ರೆ ಅದೇ ಇರ್ಲಿ.” ಅವಳು ಹಾಳೆಯನ್ನು ಅವನ ಪೆನ್ನಿನ ಕೆಳಗಿನಿಂದ ಹುಷಾರಾಗಿ, ಕೆಂಪು ತಾಗದಂತೆ, ಎಳೆದುಕೊಂಡಳು. “ಥ್ಯಾಂಕ್ಸ್ ಸಾರ್.” ಅವಳ ಚಪ್ಪಲಿಯ ಸದ್ದು ಮೊಗಸಾಲೆಯಲ್ಲಿ ಮೊದಲು ನಡಿಗೆಯಾಗಿ, ತಿರುವಿನ ನಂತರ ಓಟವಾಗಿ, ಮೆಟ್ಟಿಲುಗಳಲ್ಲಿ ಇಳಿದುಹೋಯಿತು. ತಾನು ಹೇಳಬೇಕೆಂದಿದ್ದ ಮಾತನ್ನು ಅವಳು ಕೇಳಿಸಿಕೊಳ್ಳದೆ ಹೋದಳಲ್ಲ ಎಂದು ಅವನಿಗೆ ಒಂದು ಕ್ಷಣ ಅವಳ ಮೇಲೆಯೇ ಬೇಸರವಾಯಿತು. ಆ ಬೇಸರ ತನ್ನ ಮೇಲಿನದೇ ಎಂದು ಗುರುತಿಸಲು ಇನ್ನೊಂದು ಕ್ಷಣ ಹಿಡಿಯಿತು.

ನಾಲ್ಕು ಹೊಡೆದು ಐದು ನಿಮಿಷವಾದ ಮೇಲೆ ಗುಮಾಸ್ತ ಬಾಗಿಲಲ್ಲಿ ತಲೆ ಹಾಕಿದ. “ನಿಮ್ಮ ಕೆಮ್ಮಿನ ಹುಡುಗಿ ಪಾರಾದ್ಲು. ಕಿಟಕಿ ಮುಚ್ಚೋಕೆ ಮೂರು ನಿಮಿಷ ಇದ್ದಾಗ ಬಂದ್ಲು, ಮುದ್ರೆ ಒತ್ತಿಬಿಟ್ಟೆ. ಎಲ್ಲಿ, ನಿಮ್ಮ ಎರಡು ಐದು? ಇವತ್ತೇ ಕಳಿಸಬೇಕು.”

“ಐದು ನಿಮಿಷ” ಎಂದು ಅವನು ಪತ್ರಿಕೆಯನ್ನು ಎಳೆದುಕೊಂಡ. ಇಪ್ಪತ್ಮೂರರ ಎದುರು, ಸೊನ್ನೆಯ ಚೌಕದ ಮೇಲೆ ಪೆನ್ನಿನ ತುದಿಯನ್ನು ಇಟ್ಟ. ಇಟ್ಟು, ಅಲ್ಲಿಂದ ಸಾಲಿನ ಉದ್ದಕ್ಕೂ ಒಂದೊಂದೇ ಚೌಕವನ್ನು ದಾಟಿಸಿಕೊಂಡು ಹೋಗಿ ಐದರಲ್ಲಿ ಗುರುತು ಹಾಕಿದ. ಕೆಳಗೆ ವಿವರಣೆಗೆ ನಾಲ್ಕು ಗೆರೆ ಜಾಗವಿತ್ತು. ‘ತನ್ನ ಲೋಪವನ್ನು ತಾನೇ ಮೊದಲು ಕಾಣುವ ಕಣ್ಣು’ ಎಂದು ಬರೆದ. ನಿಲ್ಲಿಸಿದ. ‘ಕಾಣುವ’ ಎಂಬುದು ಸಪ್ಪೆಯೆನ್ನಿಸಿ ‘ಗುರುತಿಸುವ’ ಎಂದು ಮಾಡಿದ, ‘ಮೊದಲು’ ತೆಗೆದ. ‘ತನ್ನ ಲೋಪವನ್ನು ತಾನೇ ಗುರುತಿಸುವ ಕಣ್ಣು ಯಾವ ಸಂಸ್ಥೆಗಿದೆಯೋ, ಆ ಸಂಸ್ಥೆಯೇ ಪರರ ಕಣ್ಣೊರೆಸಲು ಅರ್ಹ.’ ತುಟಿ ಅಲುಗಿಸದೆ ಎರಡು ಸಲ ಓದಿದ. ಮೊದಲರ್ಧದ ಕಣ್ಣು, ಕೊನೆಯರ್ಧದ ಕಣ್ಣು, ನಡುವೆ ಒಂದು ಅಲ್ಪವಿರಾಮ, ಎಲ್ಲಿಯೂ ಎಡವುವಂತಿರಲಿಲ್ಲ. ವಾಕ್ಯ ಚೆನ್ನಾಗಿ ಬಂದಿತ್ತು. ಎದೆಯೊಳಗೆ, ಬೇಡಬೇಡವೆಂದರೂ, ಸಣ್ಣದೊಂದು ಸಂತೋಷ ತಲೆಯೆತ್ತುವುದು ಅವನಿಗೆ ತಿಳಿಯಿತು. ಅದನ್ನು ಅದುಮಲು ಅವನಿಗೆ ಯಾವ ಉಪಾಯವೂ ತೋಚಲಿಲ್ಲ.